ನಾಯಿಗೂ ಬಾಡಿಗೆ: ಶುಲ್ಕವೋ, ಸುಲಿಗೆಯೋ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿರುವ ನನ್ನ ಮಗಳು ಕಳೆದ ತಿಂಗಳು ಒಂದು ಕರಾರು ಪತ್ರದ ಕರಡನ್ನು ಕಳುಹಿಸಿ, 'ಅಪ್ಪಾ, ಒಮ್ಮೆ ಓದಿ ನೋಡಿ. ಸಹಿ ಹಾಕಬಹುದೇ?' ಎಂದು ಕೇಳಿದಳು. ಮಾಸಿಕ ಬಾಡಿಗೆ 25,000 ರೂಪಾಯಿ. ಹತ್ತು ತಿಂಗಳ ಮುಂಗಡ, ಅಂದರೆ ಎರಡೂವರೆ ಲಕ್ಷ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಕಡಿತ. ಇಷ್ಟೂ ಬೆಂಗಳೂರಿನಲ್ಲಿ ರೂಢಿಗೆ ಬಂದುಬಿಟ್ಟಿರುವ ಸಂಗತಿಗಳೇ. ಆದರೆ ಹದಿನಾಲ್ಕನೆಯ ಷರತ್ತು ನನ್ನ ಗಮನ ಸೆಳೆಯಿತು. ಬಾಡಿಗೆದಾರರು ಸಾಕುಪ್ರಾಣಿ ಇಟ್ಟುಕೊಂಡಲ್ಲಿ ತಿಂಗಳಿಗೆ 1,500 ರೂಪಾಯಿ ಹೆಚ್ಚುವರಿ ಕೊಡತಕ್ಕದ್ದು. ಅದಲ್ಲದೆ, ಹಿಂದಿರುಗಿಸಲಾಗದ 25,000 ರೂಪಾಯಿಯನ್ನು ಪ್ರಾರಂಭದಲ್ಲೇ ಪಾವತಿಸತಕ್ಕದ್ದು. ಹನ್ನೊಂದು ತಿಂಗಳಿಗೆ ಲೆಕ್ಕ ಹಾಕಿದರೆ ಒಟ್ಟು 41,500 ರೂಪಾಯಿ. ನನ್ನ ಮಗಳ ಬಳಿ ಇರುವುದು ಒಂದು ಬೆಕ್ಕು.

'ಇದು ಅನ್ಯಾಯ, ಸಹಿ ಹಾಕಬೇಡ' ಎಂದು ನಾನು ಕೂಡಲೇ ಉತ್ತರಿಸಬಹುದಿತ್ತು. ಉತ್ತರಿಸಲಾಗಲಿಲ್ಲ. ಏಕೆಂದರೆ ಅಂಥದ್ದೇ ಷರತ್ತನ್ನು ನಾನೂ ಒಮ್ಮೆ ಬರೆದವನು.

ನಿವೃತ್ತಿಯ ನಂತರ ನಾನು ನೆಲೆಸಿರುವುದು ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಲ್ಲಿ. ಕಲ್ಲತ್ತಿಗಿರಿಗೂ ಕೆಮ್ಮಣ್ಣುಗುಂಡಿಗೂ ಹೋಗುವ ಪ್ರವಾಸಿಗರು ಕಾರಿನ ಕಿಟಕಿಯಿಂದ ನೋಡಿ ಮುಂದೆ ಸಾಗುವ ಊರು ಇದು. ಅಡಿಕೆ, ತೆಂಗಿನ ತೋಟಗಳ ಈ ಸೀಮೆಯಲ್ಲಿ ನಾಯಿಯಿಲ್ಲದ ಮನೆಯನ್ನು ಹುಡುಕಬೇಕಾಗುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೆ, ತೋಟಕ್ಕೆ ನುಗ್ಗುವ ಮಂಗಗಳಿಗೆ, ರಾತ್ರಿಯ ಸದ್ದುಗಳಿಗೆ ನಾಯಿಯೇ ಕಾವಲು. ಅದಕ್ಕೆ ಯಾರೂ ಸಂಬಳ ಕೊಟ್ಟದ್ದಿಲ್ಲ, ಅದರಿಂದ ಯಾರೂ ಬಾಡಿಗೆ ಕೇಳಿದ್ದೂ ಇಲ್ಲ. ಇಂಥ ಊರಿನಲ್ಲಿ ಕುಳಿತು ನಾನು ನಾಯಿಗೆ ಬಾಡಿಗೆ ವಿಧಿಸಿದೆ ಎಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ನಮ್ಮ ಮನೆಯ ಹಿಂಬದಿಯಲ್ಲಿ ಎರಡು ಕೋಣೆಗಳ ಒಂದು ಸಣ್ಣ ಬಿಡಾರವಿದೆ. ಕೆಲವು ವರ್ಷಗಳ ಹಿಂದೆ ಅದನ್ನು ಬೇರೆ ಜಿಲ್ಲೆಯಿಂದ ಬಂದ ಒಬ್ಬ ಶಿಕ್ಷಕಿಗೆ ಕೊಟ್ಟಿದ್ದೆವು. ಬಾಡಿಗೆ 4,000 ರೂಪಾಯಿ, ಮುಂಗಡ 20,000. ಆಕೆಯ ಜೊತೆ ಕರಿಯ ಎಂಬ ನಾಟಿ ನಾಯಿಯೊಂದು ಬಂತು. 'ಸಾರ್, ಕಟ್ಟಿಹಾಕಿರುತ್ತೇನೆ, ತೊಂದರೆ ಆಗದು' ಎಂದಳು. ನಾನು ಹೆಚ್ಚು ಯೋಚಿಸದೆ, 'ಆಗಲಿ ಬಿಡಮ್ಮ, ತಿಂಗಳಿಗೆ ಮುನ್ನೂರು ಸೇರಿಸಿ ಕೊಡು' ಎಂದೆ. ಏಕೆ ಮುನ್ನೂರು? ಇನ್ನೂರೇಕಲ್ಲ, ನಾನೂರೇಕಲ್ಲ? ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ಕೇಳಲೂ ಇಲ್ಲ. ಊರಿಗೆ ಹೊಸಬಳು, ಶಾಲೆಗೆ ಹತ್ತಿರದ ಮನೆ, ಕೇಳುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಆ ಮೌನವನ್ನೇ ನಾನು ಒಪ್ಪಿಗೆಯೆಂದು ಭಾವಿಸಿದೆ.

ಇಪ್ಪತ್ತೆರಡು ತಿಂಗಳ ನಂತರ ಆಕೆಗೆ ವರ್ಗವಾಯಿತು. ಬಿಡಾರವನ್ನು ಪರಿಶೀಲಿಸಿದಾಗ ಹಿಂಬಾಗಿಲಿನ ಕೆಳಹಲಗೆಯ ಮೇಲೆ ನಾಯಿ ಪರಚಿದ ಗುರುತುಗಳಿದ್ದವು. ಹಲಗೆ ಬದಲಿಸಲು ಬಡಗಿ 600 ರೂಪಾಯಿ ತೆಗೆದುಕೊಂಡ. ಆ ಹಣವನ್ನು ನಾನು ಮುಂಗಡದಲ್ಲಿ ಹಿಡಿದುಕೊಂಡು ಉಳಿದದ್ದನ್ನು ಹಿಂದಿರುಗಿಸಿದೆ. ಅಷ್ಟರಲ್ಲಾಗಲೇ ನಾಯಿಯ ಹೆಸರಿನಲ್ಲಿ 6,600 ರೂಪಾಯಿ ನನ್ನ ಕೈ ಸೇರಿತ್ತು. ಅಂದರೆ ಹಾನಿಯ ವೆಚ್ಚವನ್ನು ಮುಂಗಡದಿಂದ ಪಡೆದುಕೊಂಡೆ. ಹಾನಿಗೆಂದೇ ಪಡೆದ ಹಣವನ್ನು ಪೂರ್ತಿಯಾಗಿ ಉಳಿಸಿಕೊಂಡೆ. ಕಂದಾಯ ಇಲಾಖೆಯಲ್ಲಿ ಮೂರು ದಶಕ ಪರರ ಲೆಕ್ಕ ತಪಾಸಣೆ ಮಾಡಿದ ನನಗೆ ಸ್ವಂತ ಲೆಕ್ಕದ ಈ ದೋಷ ಕಾಣಲಿಲ್ಲ.

ಹೊರಡುವ ದಿನ ಆಕೆ ನನ್ನ ಪತ್ನಿಯ ಬಳಿ ಬಂದು, 'ಅಮ್ಮ, ಹೊಸ ಊರಲ್ಲಿ ಮನೆ ಸಿಕ್ಕಿದೆ. ನಾಯಿಯಿದ್ದರೆ ಎರಡು ಸಾವಿರ ಹೆಚ್ಚು ಕೇಳುತ್ತಿದ್ದಾರೆ. ನನ್ನಿಂದ ಆಗದು' ಎಂದಳು. ಕರಿಯ ನಮ್ಮಲ್ಲೇ ಉಳಿದ. ಎಂಟು ಹತ್ತು ದಿನ ಗೇಟಿನ ಬಳಿ ಕುಳಿತು ಪ್ರತಿ ಬಸ್ಸಿನ ಸದ್ದಿಗೂ ಕಿವಿ ನಿಮಿರಿಸುತ್ತಿದ್ದ. ನಮ್ಮಲ್ಲಿ ಅಂಗಳವಿತ್ತು, ಆದ್ದರಿಂದ ಅವನಿಗೊಂದು ನೆಲೆ ಸಿಕ್ಕಿತು. ನಗರದ ಮೂರನೇ ಮಹಡಿಯ ಬಾಡಿಗೆದಾರರಿಗೆ ಇಂಥ ಅಂಗಳ ಎಲ್ಲಿಂದ ಬರಬೇಕು?

ಇದು ನನ್ನೊಬ್ಬನ ಪ್ರಾಯಶ್ಚಿತ್ತದ ವಿಷಯವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನಗರಗಳಲ್ಲಿ ಈ ಪರಿಪಾಠ ವ್ಯಾಪಕವಾಗುತ್ತಿದೆ. ಮನೆ ಕೇಳಲು ಹೋದವರನ್ನು ಜಾತಿ ಯಾವುದು, ಮಾಂಸಾಹಾರಿಗಳೇ, ಮದುವೆಯಾಗಿದೆಯೇ ಎಂದು ವಿಚಾರಿಸುವ ಪಟ್ಟಿಗೆ ಈಗ 'ನಾಯಿ ಬೆಕ್ಕು ಇದೆಯೇ?' ಎಂಬುದೂ ಸೇರಿಕೊಂಡಿದೆ. ಇದೆ ಎಂದರೆ ಒಂದೋ ಬಾಗಿಲು ಮುಚ್ಚುತ್ತದೆ, ಇಲ್ಲವೇ ದರ ಏರುತ್ತದೆ.

ಆಡಳಿತದಲ್ಲಿದ್ದವರಿಗೆಲ್ಲ ತಿಳಿದ ಒಂದು ತತ್ವವನ್ನು ಇಲ್ಲಿ ನೆನಪಿಸಬಯಸುತ್ತೇನೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ತೆರಿಗೆಗೂ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿತು. ಅಂದಿನ ಮದ್ರಾಸ್ ಸರ್ಕಾರದ 1951ರ ಧಾರ್ಮಿಕ ದತ್ತಿ ಕಾಯ್ದೆಯ ಅಡಿಯಲ್ಲಿ ಮಠಗಳಿಂದ ವಾರ್ಷಿಕ ವಂತಿಗೆ ವಸೂಲು ಮಾಡುವುದು ಅಲ್ಲಿನ ವಿವಾದಗಳಲ್ಲಿ ಒಂದು. ಶುಲ್ಕವೆಂದರೆ ಸಲ್ಲಿಸಿದ ನಿರ್ದಿಷ್ಟ ಸೇವೆಗೆ ಪ್ರತಿಯಾಗಿ ಪಡೆಯುವ ಹಣ; ಪಡೆದ ಹಣಕ್ಕೂ ಸೇವೆಯ ವೆಚ್ಚಕ್ಕೂ ಸಂಬಂಧ ಇರಬೇಕು; ಇಲ್ಲದಿದ್ದರೆ ಹೆಸರು ಏನೇ ಇರಲಿ ಅದು ತೆರಿಗೆಯೇ ಎಂಬುದು ಆ ತೀರ್ಪಿನ ಸಾರ. ಈ ತತ್ವ ಸರ್ಕಾರಕ್ಕೆ ಅನ್ವಯಿಸುವಂಥದ್ದು, ಖಾಸಗಿ ಮನೆ ಮಾಲೀಕರನ್ನು ಅದು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಅದರ ಹಿಂದಿರುವ ವಿವೇಕ ಎಲ್ಲರಿಗೂ ಸಲ್ಲುವಂಥದ್ದಲ್ಲವೇ? ಸರ್ಕಾರವೇ ಕಾರಣ ಕೊಡದೆ ಶುಲ್ಕ ಪಡೆಯಬಾರದೆಂದಾದರೆ, ತಿಂಗಳಿಗೆ 1,500 ರೂಪಾಯಿಗೆ ಪ್ರತಿಯಾಗಿ ಬೆಕ್ಕಿಗೆ ಮಾಲೀಕರು ಸಲ್ಲಿಸುವ ಸೇವೆ ಯಾವುದೆಂದು ಕೇಳುವುದರಲ್ಲಿ ತಪ್ಪೇನಿದೆ?

ಪ್ರಾಣಿಗಳ ಲೆಕ್ಕ ನಮ್ಮ ಆಡಳಿತಕ್ಕೆ ಹೊಸತೇನಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮ ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳವನ್ನು ಉಚಿತ ಮೇವಿಗಾಗಿ ಕಾದಿರಿಸಬೇಕೆಂದು ಹೇಳುತ್ತದೆ. ಆ ಅಳತೆ ಸರಿಯೋ ತಪ್ಪೋ, ಎಲ್ಲೆಡೆ ಪಾಲನೆಯಾಗಿದೆಯೋ ಇಲ್ಲವೋ ಎಂಬುದು ಬೇರೆ ಮಾತು. ಆದರೆ ಅದಕ್ಕೊಂದು ಆಧಾರವಿದೆ: ಇಷ್ಟು ಬಾಯಿಗೆ ಇಷ್ಟು ಮೇವು, ಇಷ್ಟು ಮೇವಿಗೆ ಇಷ್ಟು ನೆಲ. ನಗರದ 'ಪೆಟ್ ಚಾರ್ಜಿ'ಗೆ ಅಂಥ ಆಧಾರವೇ ಇಲ್ಲ. ಎದುರಿಗಿರುವವರ ಅಗತ್ಯ ಎಷ್ಟು ಎಂಬುದೊಂದೇ ಅದರ ಮಾನದಂಡ.

ಮಾಲೀಕರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಾನೂ ಒಬ್ಬ ಮಾಲೀಕ. ಬೆಕ್ಕಿನ ಮೂತ್ರದ ವಾಸನೆ ಗೋಡೆಯಲ್ಲಿ ಇಳಿದರೆ ಒಂದು ಸುತ್ತು ಬಣ್ಣಕ್ಕೆ ಹೋಗುವುದಿಲ್ಲ. ಸೊಳ್ಳೆ ಪರದೆಯ ಬಾಗಿಲುಗಳು ಹರಿಯುತ್ತವೆ, ಮರದ ಚೌಕಟ್ಟು ಪರಚಿಹೋಗುತ್ತದೆ. ನಡುರಾತ್ರಿ ನಾಯಿ ಬೊಗಳಿದರೆ ಅಕ್ಕಪಕ್ಕದವರ ದೂರು ಬರುವುದು ಮಾಲೀಕರಿಗೇ. ಮಹಡಿ ಮನೆಯ ಬಾಡಿಗೆಯೇ ಪಿಂಚಣಿಯಾಗಿರುವ ಎಷ್ಟೋ ಹಿರಿಯರು ಬೆಂಗಳೂರಿನಲ್ಲಿದ್ದಾರೆ. ಬಾಡಿಗೆದಾರರು ಮನೆ ಕೆಡಿಸಿ ಹೋದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಚೈತನ್ಯ ಅವರಿಗಿರುವುದಿಲ್ಲ. ಅವರ ಆತಂಕ ನಿಜವಾದದ್ದು.

ಆದರೆ ಆ ಆತಂಕಕ್ಕೆ ಪರಿಹಾರ ಈಗಾಗಲೇ ಅವರ ಕೈಯಲ್ಲಿದೆ, ಅದೇ ಮುಂಗಡ. ಹತ್ತು ತಿಂಗಳ ಮುಂಗಡ ಇರುವುದೇ ಇಂಥ ಹಾನಿಯ ಭದ್ರತೆಗೆ. ಮಗಳ ಕರಾರಿನ ಎರಡೂವರೆ ಲಕ್ಷಕ್ಕೆ ಶೇ 6ರ ಬಡ್ಡಿ ಹಿಡಿದರೂ ವರ್ಷಕ್ಕೆ 15,000 ರೂಪಾಯಿ ಆಕೆಗೆ ನಷ್ಟ, ಮಾಲೀಕರಿಗೆ ಲಾಭ. ಅದರ ಮೇಲೆ ಬಣ್ಣದ ಕಡಿತ, ಅದರ ಮೇಲೆ ಪ್ರಾಣಿಯ ಶುಲ್ಕ. ಒಂದೇ ಗೋಡೆಯ ಒಂದೇ ಕಲೆಗೆ ಮೂರು ಬಾರಿ ಹಣ. ಕಲೆಯೇ ಇಲ್ಲದಿದ್ದರೂ ಎರಡು ಬಾರಿ ಹಣ. ಅರ್ಥಶಾಸ್ತ್ರದಲ್ಲಿ, ತಾನು ಯಾವ ಹೆಚ್ಚುವರಿ ವೆಚ್ಚವನ್ನೂ ಹೊರದೆ, ಕೊರತೆಯಲ್ಲಿರುವ ಸ್ವತ್ತೊಂದರ ಒಡೆತನದಿಂದಷ್ಟೇ ಪಡೆಯುವ ಗಳಿಕೆಗೆ ಒಂದು ಹೆಸರಿದೆ. ಡೇವಿಡ್ ರಿಕಾರ್ಡೊ ಎರಡು ಶತಮಾನಗಳ ಹಿಂದೆ ಭೂಮಿಯ ಗೇಣಿಯನ್ನು ಕುರಿತು ಬರೆದದ್ದು ಇಂಥ ಗಳಿಕೆಯ ಬಗ್ಗೆಯೇ.

ಕಾನೂನು ಏನು ಹೇಳುತ್ತದೆ? ಆಸ್ತಿ ವರ್ಗಾವಣೆ ಕಾಯ್ದೆ, 1882ರ 108ನೇ ಕಲಮಿನ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಸಹಜ ಸವೆತಕ್ಕೆ ವಿನಾಯಿತಿ ಇದೆ. ಕರಾರು ಕಾಯ್ದೆ, 1872ರ 74ನೇ ಕಲಮು, ಕರಾರಿನಲ್ಲಿ ಮೊದಲೇ ಒಂದು ದಂಡದ ಮೊತ್ತವನ್ನು ನಮೂದಿಸಿದ್ದರೂ ಕರಾರು ಮುರಿದಾಗ ಸಿಗುವುದು ಆ ಮೊತ್ತಕ್ಕೆ ಮೀರದ ಸಮಂಜಸ ಪರಿಹಾರ ಮಾತ್ರ ಎನ್ನುತ್ತದೆ. ಹಾನಿಯಾದರೆ ಪರಿಹಾರ, ಹಾನಿಯಷ್ಟೇ ಪರಿಹಾರ. ಈ ಎರಡೂ ಹಳೆಯ ಕಾಯ್ದೆಗಳ ಇಂಗಿತ ಇದೇ.

ಆದರೆ ಪ್ರಾಣಿಯ ಹೆಸರಿನ ಮಾಸಿಕ ಶುಲ್ಕವನ್ನು ನೇರವಾಗಿ ತಡೆಯುವ ಕಾನೂನು ನಮ್ಮಲ್ಲಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಗೆ ಬಂದಾಗ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಮೊತ್ತಕ್ಕೆ ಇಂದು ನಗರದಲ್ಲಿ ಮನೆ ಸಿಗುವುದೇ ದುರ್ಲಭ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಭದ್ರತಾ ಠೇವಣಿ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಸೂಚಿಸಿತು. ಆದರೆ ಅದು ಮಾದರಿ ಮಾತ್ರ. ರಾಜ್ಯವೊಂದು ತನ್ನ ಶಾಸನವಾಗಿ ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ, ವಸತಿ ಸಂಘಗಳು ಬಹುಮತದಿಂದ ನಿರ್ಣಯಿಸಿದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದಿತು. ಅದು ಸಂಘಗಳಿಗೆ ಹೇಳಿದ ಮಾತು. ಮಾಲೀಕರು ಮತ್ತು ಬಾಡಿಗೆದಾರರ ನಡುವಣ ಹಣದ ವ್ಯವಹಾರ ಅದರಿಂದ ಇತ್ಯರ್ಥವಾಗುವುದಿಲ್ಲ. 2018ರಲ್ಲಿ ಅಂದಿನ ಬಿಬಿಎಂಪಿ ಒಂದು ಫ್ಲ್ಯಾಟಿಗೆ ಒಂದೇ ನಾಯಿ ಎಂಬ ಉಪವಿಧಿ ತರಲು ಹೊರಟು, ತೀವ್ರ ವಿರೋಧ ಬಂದ ಮೇಲೆ ಹಿಂದೆ ಸರಿಯಿತು. ನಾಯಿಗಳನ್ನು ಎಣಿಸಲು ತೋರಿದ ಉತ್ಸಾಹವನ್ನು ನಮ್ಮ ಆಡಳಿತ ನಾಯಿಯ ಹೆಸರಿನಲ್ಲಿ ವಸೂಲಾಗುವ ಹಣವನ್ನು ಎಣಿಸಲು ತೋರಿಲ್ಲ.

ಈ ವ್ಯವಹಾರದಲ್ಲಿ ಮೂರನೆಯ ಪಕ್ಷವೊಂದಿದೆ ಎಂಬುದನ್ನು ಇಬ್ಬರೂ ಮರೆಯುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ದರ ಕುದುರದಿದ್ದಾಗ ಬೀದಿಗೆ ಬೀಳುವುದು ಪ್ರಾಣಿ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ತೊರೆಯುವುದು ಅಪರಾಧ. ಮೊದಲ ಬಾರಿಯ ಅಪರಾಧಕ್ಕೆ ದಂಡ ಕನಿಷ್ಠ ಹತ್ತು ರೂಪಾಯಿ, ಗರಿಷ್ಠ ಐವತ್ತು ರೂಪಾಯಿ. ಅಂದರೆ ಬೆಕ್ಕನ್ನು ಸಾಕಲು ತಿಂಗಳಿಗೆ 1,500 ರೂಪಾಯಿ; ಅದನ್ನು ಮಾರುಕಟ್ಟೆಯ ಹಿಂದೆ ಬಿಟ್ಟುಬರಲು, ಸಿಕ್ಕಿಬಿದ್ದರೆ, ಹೆಚ್ಚೆಂದರೆ 50 ರೂಪಾಯಿ! ಕರುಣೆ ಇಲ್ಲದವರನ್ನು ಬಿಡಿ, ಕರುಣೆ ಇದ್ದೂ ಕೈಯಲ್ಲಿ ಕಾಸಿಲ್ಲದವರನ್ನು ಈ ಎರಡು ದರಗಳು ಯಾವ ಕಡೆಗೆ ತಳ್ಳುತ್ತವೆ ಎಂಬುದನ್ನು ವಿವರಿಸಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಹಾಗೆ ತೊರೆದ ಪ್ರಾಣಿಯ ವೆಚ್ಚ ಅಲ್ಲಿಗೆ ಮುಗಿಯುವುದೂ ಇಲ್ಲ. ಅದನ್ನು ಹಿಡಿಯಲು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು, ರೇಬಿಸ್ ಲಸಿಕೆ ಹಾಕಿಸಲು ಪಾಲಿಕೆ ಖರ್ಚು ಮಾಡಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಆ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. 2025ರಲ್ಲಿ ಬೀದಿನಾಯಿಗಳ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದು ಇಡೀ ದೇಶದ ಚರ್ಚೆಯಾಯಿತು. ನಾಯಿ ಕಚ್ಚಿದ ಮಕ್ಕಳ ಸಂಕಟದ ಬಗ್ಗೆ, ನಾಯಿಗಳ ಹಕ್ಕಿನ ಬಗ್ಗೆ ಬಿಸಿಬಿಸಿ ವಾದಗಳು ನಡೆದವು. ಸಾಕಿದ ನಾಯಿ ಬೀದಿಗೆ ಬರಲು ಬಾಡಿಗೆ ಮನೆಯ ಷರತ್ತೂ ಒಂದು ದಾರಿ ಎಂಬುದು ಆ ಗದ್ದಲದಲ್ಲಿ ಕೇಳಿಬರಲಿಲ್ಲ. ಮಾಲೀಕರೊಬ್ಬರ ಜೇಬಿಗೆ ಸೇರುವ ಶುಲ್ಕದ ಪರಿಣಾಮವನ್ನು ಸಾರ್ವಜನಿಕರ ತೆರಿಗೆ ಹಣ ಹೊರುತ್ತಿದೆ.

'ಶುಲ್ಕ ನಿಷೇಧಿಸಿದರೆ ಮಾಲೀಕರು ಬಾಡಿಗೆಯನ್ನೇ ಏರಿಸುತ್ತಾರೆ, ಇಲ್ಲವೇ ಮನೆಯನ್ನೇ ಕೊಡುವುದಿಲ್ಲ' ಎಂಬುದು ತಳ್ಳಿಹಾಕುವ ಆಕ್ಷೇಪವಲ್ಲ. ಇಂಗ್ಲೆಂಡಿನಲ್ಲಿ ಹಾಗೆಯೇ ಆಯಿತು. ಅಲ್ಲಿನ 2019ರ ಕಾಯ್ದೆ ಪ್ರತ್ಯೇಕ ಶುಲ್ಕಗಳನ್ನು ನಿಷೇಧಿಸಿ, ಸಾಮಾನ್ಯ ಬಾಡಿಗೆ ಮನೆಗಳ ಠೇವಣಿಯನ್ನು ಐದು ವಾರಗಳ ಬಾಡಿಗೆಗೆ ಮಿತಿಗೊಳಿಸಿತು. ಕೆಲವು ಮಾಲೀಕರು ಅದೇ ಹಣವನ್ನು ಹೆಚ್ಚಿನ ಬಾಡಿಗೆಯ ರೂಪದಲ್ಲಿ ಕೇಳತೊಡಗಿದರು. ಬಾಡಿಗೆದಾರರು ಸಾಕುಪ್ರಾಣಿಗೆ ಅನುಮತಿ ಕೇಳಿದರೆ ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ ಎಂಬ ನಿಯಮವನ್ನು ಆ ದೇಶ 2025ರ ಹೊಸ ಕಾಯ್ದೆಯಲ್ಲಿ ಸೇರಿಸಬೇಕಾಯಿತು. ಜರ್ಮನಿಯ ಉಚ್ಚ ನ್ಯಾಯಾಲಯ, ನಾಯಿ ಬೆಕ್ಕುಗಳನ್ನು ಸಾರಾಸಗಟಾಗಿ ನಿಷೇಧಿಸುವ ಸಿದ್ಧ ಷರತ್ತು ಊರ್ಜಿತವಲ್ಲ, ಪ್ರತಿ ಪ್ರಕರಣವನ್ನೂ ಅದರ ಸಂದರ್ಭದಲ್ಲಿ ತೂಗಬೇಕು ಎಂದು 2013ರಲ್ಲಿ ತೀರ್ಪಿತ್ತಿತು. ಈ ಅನುಭವಗಳಿಂದ ನಾವು ಕಲಿಯಬೇಕಾದದ್ದು ಇಷ್ಟು: ಬರಿಯ ನಿಷೇಧ ಸಾಲದು, ಮಾಲೀಕರ ನಿಜವಾದ ಆತಂಕಕ್ಕೂ ಉತ್ತರ ಇರಬೇಕು.

ಅಂಥ ಉತ್ತರ ದುಬಾರಿಯದ್ದೂ ಅಲ್ಲ, ಕಷ್ಟದ್ದೂ ಅಲ್ಲ. ಮೊದಲನೆಯದಾಗಿ, ಸಾಕುಪ್ರಾಣಿಯ ಹೆಸರಿನ ಮಾಸಿಕ ಶುಲ್ಕವನ್ನೂ ಹಿಂದಿರುಗಿಸದ ಮೊತ್ತವನ್ನೂ ರಾಜ್ಯದ ಬಾಡಿಗೆ ಶಾಸನ ನಿಷೇಧಿಸಬೇಕು. ಮುಂಗಡಕ್ಕೆ ಮಿತಿ ಹಾಕಿ, ಆ ಮಿತಿಯೊಳಗೇ ಎಲ್ಲ ಬಗೆಯ ಹಾನಿಯ ಭದ್ರತೆಯೂ ಅಡಕವಾಗಬೇಕು. ಎರಡನೆಯದಾಗಿ, ಮನೆ ಕೊಡುವ ದಿನ ಬಾಗಿಲು, ಗೋಡೆ, ನೆಲ, ಪರದೆಗಳ ಸ್ಥಿತಿಯನ್ನು ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ಇಬ್ಬರೂ ಸಹಿ ಹಾಕಬೇಕು. ಬಿಡುವ ದಿನ ಅದರೊಂದಿಗೆ ಹೋಲಿಸಿ, ದುರಸ್ತಿಯ ರಸೀದಿ ತೋರಿಸಿ, ಅಷ್ಟನ್ನೇ ಕಳೆಯಬೇಕು. ಮೂರನೆಯದಾಗಿ, ಬಾಡಿಗೆದಾರರೂ ತಮ್ಮ ಹೊಣೆ ಅರಿಯಬೇಕು. ರೇಬಿಸ್ ಲಸಿಕೆಯ ಪ್ರಮಾಣಪತ್ರ, ಸ್ಥಳೀಯ ಸಂಸ್ಥೆಯ ಪರವಾನಗಿ ಅಗತ್ಯವಿರುವಲ್ಲಿ ಅದು, ಮೆಟ್ಟಿಲು ರಸ್ತೆಗಳಲ್ಲಿ ಪ್ರಾಣಿ ಮಾಡಿದ ಗಲೀಜನ್ನು ತೆಗೆಯುವ ಶಿಸ್ತು, ಇವುಗಳಿಲ್ಲದೆ ಹಕ್ಕಿನ ಮಾತು ಪೊಳ್ಳಾಗುತ್ತದೆ. ಇವನ್ನೆಲ್ಲ ಕರಾರಿನಲ್ಲೇ ಬರೆಯಲಿ. ಪದೇ ಪದೇ ಮೀರಿದರೆ ಮನೆ ಬಿಡುವಂತೆ ಹೇಳುವ ಅಧಿಕಾರವೂ ಮಾಲೀಕರಿಗಿರಲಿ. ನಾಲ್ಕನೆಯದಾಗಿ, ಪ್ರಾಣಿಯನ್ನು ತೊರೆಯುವುದಕ್ಕೆ ಇರುವ ಐವತ್ತು ರೂಪಾಯಿಯ ದಂಡವನ್ನು ಸಂಸತ್ತು ಇಂದಿನ ಕಾಲಕ್ಕೆ ತಕ್ಕಂತೆ ಪರಿಷ್ಕರಿಸಬೇಕು.

ಶಾಸನ ಬರುವವರೆಗೆ ಕಾಯಬೇಕಿಲ್ಲ. ಎರಡನೆಯ ಮತ್ತು ಮೂರನೆಯ ಸಲಹೆಗಳನ್ನು ಇಂದೇ, ಯಾವ ಸರ್ಕಾರದ ಆದೇಶವೂ ಇಲ್ಲದೆ, ಇಬ್ಬರು ಸಜ್ಜನರು ಒಂದು ಛಾಪಾ ಕಾಗದದ ಮೇಲೆ ಬರೆದುಕೊಳ್ಳಬಹುದು.

ನನ್ನ ಮಗಳಿಗೆ ನಾನು ಕೊಟ್ಟ ಸಲಹೆಯೂ ಇದೇ. ಹದಿನಾಲ್ಕನೆಯ ಷರತ್ತನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಪಟ್ಟಿ, ಚಿತ್ರ, ರಸೀದಿಯ ಮಾತನ್ನು ಬರೆದು ಮಾಲೀಕರಿಗೆ ಕಳುಹಿಸೆಂದೆ. ಅವರು ಕೆಟ್ಟವರೇನಲ್ಲ, ನನ್ನಂತೆಯೇ ಹೆಚ್ಚು ಯೋಚಿಸದೆ ರೂಢಿಯನ್ನು ಅನುಸರಿಸಿದವರು. ಮಾಸಿಕ 1,500 ರೂಪಾಯಿಯನ್ನು ಬಿಟ್ಟುಕೊಟ್ಟಿದ್ದಾರೆ. 25,000 ರೂಪಾಯಿಯನ್ನು ಹಿಂದಿರುಗಿಸುವ ಠೇವಣಿಯೆಂದು ಬರೆಯಲು ಇನ್ನೂ ಒಪ್ಪಿಲ್ಲ. ಮಾತುಕತೆ ನಡೆದಿದೆ.

ಅದಕ್ಕೂ ಮೊದಲು ನಾನು ಮಾಡಬೇಕಾದ ಕೆಲಸವೊಂದಿತ್ತು. ಆ ಶಿಕ್ಷಕಿಯ ವಿಳಾಸ ಹುಡುಕಿ 6,600 ರೂಪಾಯಿಯನ್ನು ಕಳುಹಿಸಿ, ಯಾವ ಹಣ, ಏಕೆ ಎಂದು ಒಂದು ಪತ್ರ ಬರೆದೆ. ಹಲಗೆಯ 600 ರೂಪಾಯಿ ನನ್ನಲ್ಲೇ ಇದೆ. ಅದು ನ್ಯಾಯವಾಗಿ ನನಗೆ ಸಲ್ಲತಕ್ಕದ್ದು. ಹಣ ತಲುಪಿದ ದಿನ ಆಕೆ ಫೋನ್ ಮಾಡಿದಳು. ಹಣದ ಬಗ್ಗೆ ಹೆಚ್ಚು ಮಾತನಾಡಲಿಲ್ಲ. 'ಸಾರ್, ಮಳೆ ಬಂದಾಗ ಕರಿಯ ಎಲ್ಲಿ ಮಲಗುತ್ತಾನೆ?' ಎಂದಷ್ಟೇ ಕೇಳಿದಳು. ಹಿಂಬಾಗಿಲಿನ ಒಳಗೆ, ಆ ಹೊಸ ಹಲಗೆಯ ಪಕ್ಕದಲ್ಲೇ ಎಂದೆ. ಅದನ್ನೂ ಈಗ ಪರಚಿದ್ದಾನೆ.